ವಾಚನಾಲಯದ ಹಾಲಿನಲ್ಲಿ ಮೂರು ಪಾತ್ರಗಳ ಆಪ್ತ ನಾಟಕ: ಕೂರಿಸುವುದು, ಬೆಳಕು, ಸ್ವರ ಹೇಗೆ?

ನೀರ್ಚಾಲು ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಈ ಸಲ ದೊಡ್ಡ ವೇದಿಕೆ, ಪರದೆ, ಮೈಕು ಬಿಟ್ಟು ಊರಿನ ವಾಚನಾಲಯದ ಹಾಲಿನಲ್ಲೇ ಒಂದು ಸಣ್ಣ ನಾಟಕ ಮಾಡುವುದೆಂದು ನಿಶ್ಚಯಿಸಿದೆ. ನಾಟಕ ನಮ್ಮದೇ. ಮೂರೇ ಪಾತ್ರ: ಅಮ್ಮ, ಮಗಳು, ಜಾಗ ಅಳೆಯಲು ಬಂದು ಮಳೆಗೆ ಸಿಕ್ಕಿಕೊಂಡ ಸರ್ವೆಯವರು. ಒಂದೇ ರಾತ್ರಿ, ಒಂದೇ ಅಡುಗೆಮನೆ, 65 ನಿಮಿಷ, ಮಧ್ಯಂತರ ಇಲ್ಲ.

ಹಾಲಿನ ಒಳ ಅಳತೆ 24 ಅಡಿ ಅಗಲ, 32 ಅಡಿ ಉದ್ದ. ಗೋಡೆ 11 ಅಡಿ ಎತ್ತರ, ಮೇಲೆ ಕಬ್ಬಿಣದ ಟ್ರಸ್, ತಗಡಿನ ಮಾಡು. ಸಿಮೆಂಟು ನೆಲ, ಬರೀ ಗೋಡೆ. ಎರಡು ಬಾಗಿಲು: ಹಿಂದಿನ ಗಿಡ್ಡ ಗೋಡೆಯ ನಡುವೆ ಒಂದು, ಅದಕ್ಕೆ ಎದುರಿನ ಗೋಡೆಯ ಮೂಲೆಯಲ್ಲಿ ಇನ್ನೊಂದು. ಆರು ಕಿಟಕಿ, ನಾಲ್ಕು ಫ್ಯಾನು. ಪಕ್ಕದ ಶಾಲೆಯಿಂದ ಬೆಂಚು, ಡೆಸ್ಕು ಸಿಗುತ್ತದೆ.

ಕೇಳಬೇಕಾದದ್ದು ಇಷ್ಟು. 60 ಜನರನ್ನು ಹೇಗೆ ಕೂರಿಸುವುದು? ಮದುವೆಗೆ ಲೈಟು ಕೊಡುವವರ ಸಾಮಾನಿನಲ್ಲೇ ಬೆಳಕು ಮಾಡಲು ಆಗುತ್ತದೆಯೇ? ನಟರಿಬ್ಬರು ಯಕ್ಷಗಾನದಿಂದ ಬಂದವರು, ಸ್ವರ ಹಾಲಿಗೆ ಹೆಚ್ಚಾಗುತ್ತದೆ. ಇಳಿಸಿದರೆ ಹಿಂದೆ ಕೇಳುವುದಿಲ್ಲ. ಅಮ್ಮನ ಪಾತ್ರ ಇಪ್ಪತ್ತು ನಿಮಿಷ ನೆಲದಲ್ಲಿ ಮೆಟ್ಟುಕತ್ತಿಯ (ತರಕಾರಿ ಹೆಚ್ಚುವ ಈಳಿಗೆಮಣೆಯ) ಮುಂದೆ ಕೂತಿರುತ್ತದೆ, ಅದು ಎಲ್ಲರಿಗೂ ಕಾಣಬೇಕು. ಕಥೆಯಲ್ಲಿ ಮಳೆ ಇರುವುದರಿಂದ ಜೂನ್ ಕೊನೆಗೆ ಇಟ್ಟುಕೊಳ್ಳುವ ಆಲೋಚನೆ ಉಂಟು.

ಕುಂಬಳೆ ಮಾಷ್ಟ್ರು

ಮೊದಲು ತಾರೀಕು ಬದಲಿಸಿ. ಜೂನ್ ಕೊನೆಯ ಮಳೆ ತಗಡಿನ ಮಾಡಿಗೆ ಬಿದ್ದರೆ ಮೂರಡಿ ದೂರದವರಿಗೂ ಮಾತು ಕೇಳುವುದಿಲ್ಲ. ನಿಮ್ಮ ನಾಟಕಕ್ಕೆ ಬೇಕಾದದ್ದು ಇಂಥ ಮಾತಿಗೆ ಜೋರಾಗಿ, ಇಂಥ ಮಾತಿಗೆ ನಿಲ್ಲುವ ಮಳೆ. ಅದನ್ನು ನೀವೇ ಮಾಡಬೇಕು. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಆದರೆ ಆ ತಿಂಗಳುಗಳಲ್ಲೇ ಕೋಲ, ನೇಮ, ಜಾತ್ರೆ, ಮೇಳದ ಆಟ ಎಲ್ಲ ಇರುವುದು. ಸುತ್ತಲಿನ ದೇವಸ್ಥಾನ, ತರವಾಡು ಮನೆಗಳಲ್ಲಿ ಆ ದಿನ ಏನಾದರೂ ಉಂಟೋ ಎಂದು ತಾರೀಕು ಹಾಕುವ ಮೊದಲೇ ವಿಚಾರಿಸಿ. ಎರಡು ಕಿಲೋಮೀಟರ್ ಆಚೆಯ ಧ್ವನಿವರ್ಧಕ ಸಾಕು, ಪಿಸುಮಾತಿನ ದೃಶ್ಯ ಹಾಳಾಗುತ್ತದೆ. ಮಾರ್ಚ್ ಬೇಡ, ಪರೀಕ್ಷೆಯ ಕಾಲ, ಹಾಲು ತುಂಬುವುದಿಲ್ಲ.

ಕೂರಿಸುವ ವಿಷಯ. 60 ಅಲ್ಲ, 52. ಲೆಕ್ಕ ಹೀಗೆ. ಮೂಲೆ ಬಾಗಿಲು ಇರುವ ಗಿಡ್ಡ ಗೋಡೆಗೆ ತಾಗಿಸಿ, ಅಗಲದ ನಡುವೆ 12 ಅಡಿಗೆ 12 ಅಡಿ ಅಭಿನಯದ ಜಾಗ ಗುರುತಿಸಿ. ಎಡಬಲದಲ್ಲಿ ಆರಾರು ಅಡಿ ಉಳಿಯುತ್ತದೆ. ಅಲ್ಲಿ ಗೋಡೆಗೆ ಒತ್ತಿ ಒಂದೊಂದೇ ಸಾಲು ಕುರ್ಚಿ, ಸಾಲಿಗೆ ಆರು. ಎರಡು ಸಾಲು ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಎರಡನೇ ಸಾಲಿನವರಿಗೆ ಎದ್ದು ಹೋಗಲು ದಾರಿಯೇ ಇರುವುದಿಲ್ಲ, ಮೂಲೆ ಬಾಗಿಲಿಂದ ಬರುವ ನಟರಿಗೂ ಜಾಗ ಇಲ್ಲದಾಗುತ್ತದೆ. ಎದುರು ಬದಿಯಲ್ಲಿ ಅಭಿನಯದ ಜಾಗದಿಂದ ಮೂರಡಿ ಖಾಲಿ ಬಿಟ್ಟು ನಾಲ್ಕು ಸಾಲು. ಮೊದಲ ಎರಡು ಚಾಪೆ (ತಲಾ ಎರಡೂವರೆ ಅಡಿ), ಮೂರನೆಯದು ಕುರ್ಚಿ (ಮೂರಡಿ), ನಾಲ್ಕನೆಯದು ಡೆಸ್ಕಿನ ಮೇಲೆ ಕೂತು ಬೆಂಚಿಗೆ ಕಾಲಿಡುವುದು (ಮೂರೂವರೆ ಅಡಿ). ಎರಡೂ ಪಕ್ಕ ಎರಡೆರಡು ಅಡಿ ನಡೆಯುವ ದಾರಿ ಬಿಟ್ಟರೆ 20 ಅಡಿ ಅಗಲಕ್ಕೆ ಸಾಲಿಗೆ ಹತ್ತು ಜನ. ನಲವತ್ತು, ಪಕ್ಕದವರು ಹನ್ನೆರಡು. ಹಿಂದೆ ಐದೂವರೆ ಅಡಿ ಉಳಿಯುತ್ತದೆ, ಅಲ್ಲಿ ಬಾಗಿಲು ಮತ್ತು ಲೈಟಿನ ಮೇಜು. ಹೆಚ್ಚು ಜನ ಬರುವುದಾದರೆ ಎರಡು ದಿನ ಆಡಿ, ಒಂದೇ ದಿನ ತುಂಬಿಸಬೇಡಿ.

ನೆಲದಲ್ಲಿ ಕೂತ ಅಮ್ಮನ ಸಮಸ್ಯೆ ಈ ಎತ್ತರಗಳಲ್ಲೇ ಪರಿಹಾರವಾಗುತ್ತದೆ. ಚಾಪೆಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 30 ಇಂಚು, ತಲೆಯ ತುದಿ 35. ಕುರ್ಚಿಯವರ ಕಣ್ಣು 45, ತಲೆ 50. ಡೆಸ್ಕಿನ ಮೇಲಿನವರ ಕಣ್ಣು 58 ಇಂಚಿನ ಆಸುಪಾಸು. ಅಂದರೆ ಕುರ್ಚಿಯವರ ನೋಟ ಎದುರಿನ ತಲೆಯಿಂದ 10 ಇಂಚು ಮೇಲೆ, ಡೆಸ್ಕಿನವರದ್ದು 8 ಇಂಚು ಮೇಲೆ ಹಾದುಹೋಗುತ್ತದೆ. ತೊಂದರೆ ಬರುವುದು ಎರಡನೇ ಚಾಪೆ ಸಾಲಿಗೆ ಮಾತ್ರ. ಅವರನ್ನು ಮುಂದಿನವರ ಎರಡು ತಲೆಗಳ ನಡುವೆ ಬರುವಂತೆ ಅರ್ಧ ಜಾಗ ಸರಿಸಿ ಕೂರಿಸಿ. ಚಾಪೆಯ ಮೇಲೆ ಬಿಳಿ ದಾರದಲ್ಲಿ ಗುರುತು ಹೊಲಿದಿಟ್ಟರೆ ಸ್ವಯಂಸೇವಕರು ಹೇಳುತ್ತಾ ನಿಲ್ಲಬೇಕಾಗಿಲ್ಲ. ನೆಲದಲ್ಲಿ ಕೂರಲಾಗದ ಹಿರಿಯರಿಗೆ ಪಕ್ಕದ ಕುರ್ಚಿಗಳನ್ನು ಮೊದಲೇ ಇಡಿ. ಡೆಸ್ಕುಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು, ಇಲ್ಲವಾದರೆ ತುದಿಯವರು ಎದ್ದಾಗ ಉಳಿದವರು ವಾಲುತ್ತಾರೆ.

ಅಮ್ಮನನ್ನು ನೇರ ಎದುರಿಗೆ ಮುಖ ಮಾಡಿ ಕೂರಿಸಬೇಡಿ. ಒಂದು ಮೂಲೆಯತ್ತ ಓರೆಯಾಗಿ ಕೂತರೆ ಎರಡು ಬದಿಗೆ ಮುಖ ಸಿಗುತ್ತದೆ. ಮೂರನೇ ಬದಿಗಾಗಿ ಎರಡು ನಿಮಿಷಕ್ಕೊಮ್ಮೆ ಏನಾದರೂ ಕೆಲಸ ಕೊಟ್ಟು ತಿರುಗಿಸಿ: ಹಿಂದಿನ ಚೆಂಬು ತೆಗೆಯುವುದು, ಸಿಪ್ಪೆ ಬದಿಗೆ ಸರಿಸುವುದು. ಬೆನ್ನು ಕಾಣುವುದು ಇಲ್ಲಿ ತಪ್ಪಲ್ಲ. ಹತ್ತಿರದಿಂದ ನೋಡುವವನಿಗೆ ಬೆನ್ನು ಕೂಡ ಮಾತಾಡುತ್ತದೆ. ಒಂದೇ ಬದಿಗೆ ಎರಡು ನಿಮಿಷ ಮೀರಿ ಬೆನ್ನು ಕಂಡರೆ ಮಾತ್ರ ಆ ಬದಿಯವರು ನಾಟಕದಿಂದ ಹೊರಗೆ ಬೀಳುತ್ತಾರೆ.

ಈ ರೂಪವನ್ನು ಬಡವರ ದೊಡ್ಡ ನಾಟಕ ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್ 1888ರಲ್ಲಿ 'ಮಿಸ್ ಜೂಲಿ' ಎಂಬ ಮೂರು ಪಾತ್ರಗಳ ನಾಟಕ ಬರೆದಾಗ ಅದರ ಮುನ್ನುಡಿಯಲ್ಲೇ ಸಣ್ಣ ರಂಗ, ಸಣ್ಣ ಸಭಾಂಗಣ ಬೇಕು, ಕಾಲಬುಡದಿಂದ ಬರುವ ದೀಪ ತೆಗೆಯಬೇಕು, ಬಣ್ಣ ಕಡಿಮೆ ಮಾಡಬೇಕು, ನಡುವೆ ವಿರಾಮ ಬೇಡ ಎಂದು ಕೇಳಿದ. ಅದೂ ಒಂದೇ ರಾತ್ರಿ, ಒಂದೇ ಅಡುಗೆಮನೆಯ ನಾಟಕ. 1907ರಲ್ಲಿ ಸ್ಟಾಕ್‌ಹೋಮಿನಲ್ಲಿ ತೆರೆದ ಅವನ ಆಪ್ತ ರಂಗಮಂದಿರದಲ್ಲಿ ಇದ್ದದ್ದು 161 ಆಸನ. ಸಣ್ಣದು ಮಾಡಿದ್ದು ಹಣ ಇಲ್ಲದ್ದಕ್ಕಲ್ಲ, ಮುಖ ಕಾಣಲಿಕ್ಕೆ. ನಿಮ್ಮ ಹಾಲಿನಲ್ಲಿ ಕೊನೆಯ ಸಾಲಿನ ಕಣ್ಣಿಗೂ ಅಭಿನಯದ ಜಾಗದ ನಡುವಿಗೂ 19 ಅಡಿ ಅಂತರ. ಆ ಲಾಭ ಬಿಟ್ಟುಕೊಡುವ ಯಾವುದನ್ನೂ ಒಳಗೆ ತರಬೇಡಿ.

ಬೆಳಕಿನ ಕೆಲಸ, ಮಂಜೇಶ್ವರ

ಮಾಷ್ಟ್ರು ಹೇಳಿದ ಅಳತೆಯ ಮೇಲೆಯೇ ಬೆಳಕಿನ ಲೆಕ್ಕ ಹೇಳುತ್ತೇನೆ.

ಮದುವೆಯವರು ಕೊಡುವುದು ಹೆಚ್ಚಾಗಿ ಕೆಂಪು, ಹಸಿರು, ನೀಲಿ ಸೇರಿಸಿ ಬಿಳಿ ಮಾಡುವ ಎಲ್‌ಇಡಿ ಪಾರ್ (ಡಬ್ಬಿಯಾಕಾರದ ವೇದಿಕೆ ದೀಪ). ದೊಡ್ಡ ವೇದಿಕೆಗೆ ಸಾಕು, ಐದಡಿಯಿಂದ ನೋಡುವ ಮುಖಕ್ಕೆ ಸಾಲದು. ಚರ್ಮ ನಿರ್ಜೀವವಾಗಿ ಕಾಣುತ್ತದೆ, ಗೋಡೆಯ ಮೇಲೆ ಒಂದೇ ಕೈಗೆ ಮೂರು ಬಣ್ಣದ ನೆರಳು ಬೀಳುತ್ತದೆ. ವಾರ್ಮ್ ವೈಟ್ ಪಾರ್ ಉಂಟಾ ಎಂದು ಕೇಳಿ. ಬಾಡಿಗೆಗೆ ತೆಗೆದುಕೊಳ್ಳುವ ಮೊದಲು ಅಂಗಡಿಯಲ್ಲೇ ಹೊತ್ತಿಸಿ, ಹತ್ತು ನಿಮಿಷ ಬಿಟ್ಟು ಕಿವಿಗೊಡಿ. ಕೆಲವು ಪಾರ್‌ಗಳ ಒಳಗೆ ಸಣ್ಣ ಫ್ಯಾನು ಇರುತ್ತದೆ. ಚೆಂಡೆಯ ಎದುರು ಅದು ಕೇಳುವುದಿಲ್ಲ, ಮೌನದ ಎದುರು ಕೇಳುತ್ತದೆ.

ಎತ್ತರ: ದೀಪ 10 ಅಡಿಗೆ ಕಟ್ಟಬಹುದು. ನಿಂತ ನಟನ ಮುಖ 5 ಅಡಿ. 45 ಡಿಗ್ರಿ ಓರೆ ಬೇಕಾದರೆ ದೀಪ ಮುಖದಿಂದ 5 ಅಡಿ ಮುಂದೆ ಇರಬೇಕು. ಆಗ ದೀಪಕ್ಕೂ ಮುಖಕ್ಕೂ ನೇರ ಅಂತರ 7 ಅಡಿ. 60 ಡಿಗ್ರಿ ಹರಡುವ ದೀಪ ಅಷ್ಟು ದೂರಕ್ಕೆ 8 ಅಡಿ ಅಗಲ ಬೆಳಗುತ್ತದೆ, 25 ಡಿಗ್ರಿಯದು 3 ಅಡಿ ಮಾತ್ರ. ಆದ್ದರಿಂದ 12 ಅಡಿ ಜಾಗಕ್ಕೆ ಎದುರಿನಿಂದ ಅಗಲದ ದೀಪ ಎರಡು, ಪಕ್ಕದ ಮೂಲೆಗಳಿಂದ ಒಂದೊಂದು, ಗೋಡೆಯ ಕಡೆಯಿಂದ ತಲೆ, ಹೆಗಲಿಗೆ ಬೀಳುವಂತೆ ಒಂದು. ಆ ಹಿಂದಿನದನ್ನು ಚೆನ್ನಾಗಿ ಕೆಳಕ್ಕೆ ಬಗ್ಗಿಸಿ, ಇಲ್ಲವಾದರೆ ಚಾಪೆಯವರ ಕಣ್ಣಿಗೆ ಹೊಡೆಯುತ್ತದೆ. ಐದು ದೀಪ ಸಾಕು. ಹೆಚ್ಚು ಕಟ್ಟಿದಷ್ಟೂ ಗೋಡೆಯ ನೆರಳು ಹೆಚ್ಚು.

ನೆಲದಲ್ಲಿ ಕೂತ ಅಮ್ಮನ ಮುಖ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಅದೇ ದೀಪ ಅವರಿಗೆ 56 ಡಿಗ್ರಿಯಿಂದ ಬೀಳುತ್ತದೆ. ಕಣ್ಣಿನ ಗುಳಿ ಕಪ್ಪಾಗುತ್ತದೆ, ತಲೆ ಬಗ್ಗಿಸಿದರೆ ಮುಖವೇ ಇಲ್ಲ. ಅವರಿಗಾಗಿ ಒಂದು ದೀಪವನ್ನು ಅವರ ಮುಖದಿಂದ ಏಳೂವರೆ ಅಡಿ ಮುಂದೆ ಇರುವಂತೆ ಹಿಂದಕ್ಕೆ ಒಯ್ಯಿರಿ. ಇನ್ನೂ ಸುಲಭ ಉಪಾಯ: ಅವರ ಮುಂದೆ ತಿಳಿಬಣ್ಣದ ಚಾಪೆ ಹಾಸಿ, ತರಕಾರಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಅಲ್ಲಿಂದ ತಿರುಗಿ ಬರುವ ಬೆಳಕು ಗದ್ದ, ಕಣ್ಣು ಎರಡನ್ನೂ ತುಂಬುತ್ತದೆ.

ವಿದ್ಯುತ್ತು. 500 ವ್ಯಾಟಿನ ಹ್ಯಾಲೊಜನ್ ಸಿಕ್ಕರೆ ಬೆಳಕು ತುಂಬಾ ಒಳ್ಳೆಯದು, ಆದರೆ ಒಂದಕ್ಕೆ 2.2 ಆಂಪಿಯರ್ ಎಳೆಯುತ್ತದೆ. ನಾಲ್ಕು ಸೇರಿದರೆ ಒಂಬತ್ತರ ಹತ್ತಿರ. ಗೋಡೆಯ ಸಣ್ಣ ಪ್ಲಗ್ಗಿಗೆ ಇದನ್ನು ಯಾವ ಕಾರಣಕ್ಕೂ ಹಾಕಬೇಡಿ. 16 ಆಂಪಿಯರಿನ ದೊಡ್ಡ ಪ್ಲಗ್ಗಿನಿಂದ, ದಪ್ಪ ವಯರಿನಲ್ಲಿ ತೆಗೆಯಿರಿ. ಸುತ್ತಿಟ್ಟ ಎಕ್ಸ್‌ಟೆನ್ಷನ್ ವಯರನ್ನು ಪೂರ್ತಿ ಬಿಚ್ಚಿ ಹಾಸಬೇಕು, ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗಿ ಕರಗುತ್ತದೆ. ಹಳೆ ವಯರಿನ ಎಲ್ಲೋ ಒಂದು ಕಡೆ ಸೋರಿಕೆ ಇದ್ದರೆ ಇಎಲ್‌ಸಿಬಿ (ಸೋರಿಕೆ ಕಂಡಾಗ ವಿದ್ಯುತ್ತು ಕಡಿಯುವ ಸ್ವಿಚ್ಚು) ನಾಟಕದ ನಡುವೆ ಬೀಳುತ್ತದೆ. ಹಿಂದಿನ ದಿನ ಎಲ್ಲ ದೀಪ ಒಟ್ಟಿಗೆ ಒಂದು ಗಂಟೆ ಉರಿಸಿದರೆ ಅದು ಮೊದಲೇ ಗೊತ್ತಾಗುತ್ತದೆ. ಟ್ರಸ್ಸಿಗೆ ಕಟ್ಟುವ ಪ್ರತಿ ದೀಪಕ್ಕೂ ಕ್ಲ್ಯಾಂಪಿನ ಹೊರತಾಗಿ ಬೇರೆ ಸರಪಳಿ ಬೇಕು. ಕೆಳಗೆ ಕೂತಿರುವುದು ಜನ.

ಇನ್ನೊಂದು. ಎಲ್‌ಇಡಿ ದೀಪ ಕೊನೆಯ ಹತ್ತನೇ ಒಂದು ಪಾಲಿನಲ್ಲಿ ಮೆಲ್ಲಗೆ ಆರುವುದಿಲ್ಲ, ಮೆಟ್ಟಿಲಿಳಿದಂತೆ ಕುಪ್ಪಳಿಸುತ್ತದೆ. ನಾಟಕದ ಕೊನೆಯ ಕತ್ತಲೆ ಹಾಗೆ ಆಗಬಾರದು. ಅಡುಗೆಮನೆಯ ಮಾಡಿನಿಂದ ತೂಗುವ ತಂತಿಯ ಹಳೆಯ 60 ವ್ಯಾಟ್ ಬಲ್ಬು ಒಂದನ್ನು ದೃಶ್ಯದಲ್ಲೇ ಇಡಿ, ಅದಕ್ಕೊಂದು ಸಾದಾ ಡಿಮ್ಮರ್. ಎಲ್‌ಇಡಿಗಳು ಮೊದಲು ಹೋಗಲಿ, ಬಲ್ಬು ಕೊನೆಗೆ ಕೆಂಪಾಗುತ್ತಾ ಆರಲಿ.

ಪ್ರೇಕ್ಷಕರ ಮೇಲೆ ಬೆಳಕು ಸೋರದಂತೆ ದೀಪದ ಬಾಯಿಗೆ ಕಪ್ಪು ಬಳಿದ ತಗಡಿನ ರೆಕ್ಕೆ ಕಟ್ಟಿ. ಅವರು ಕತ್ತಲೆಯಲ್ಲಿರಬೇಕು.

ಪೆರ್ಲ ಅಕ್ಕ

ಸ್ವರದ ಬಗ್ಗೆ. ಸಣ್ಣ ಹಾಲು ಎಂದರೆ ಸಣ್ಣ ಸ್ವರ ಎಂದು ತಿಳಿದು ಎಲ್ಲರೂ ಎಡವುವುದು ಒಂದೇ ಕಡೆ: ವಾಕ್ಯದ ಕೊನೆಯಲ್ಲಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಕೇಳುತ್ತಿದ್ದಾಳೋ ಹೇಳುತ್ತಿದ್ದಾಳೋ, ಬಂದನೋ ಬರುತ್ತಾನೋ ಎಲ್ಲವೂ ಕೊನೆಯ ಎರಡು ಅಕ್ಷರದಲ್ಲಿ. 'ಈ ಜಾಗ ನಾನು ಕೊಡುವುದಿಲ್ಲ' ಎಂಬುದನ್ನು ಸಹಜವಾಗಿ ಹೇಳುತ್ತೇನೆಂದು ಕೊನೆಗೆ ಉಸಿರು ಬಿಟ್ಟರೆ, ಹಿಂದಿನವರಿಗೆ ಕೇಳುವುದು 'ಈ ಜಾಗ ನಾನು ಕೊಡು' ಎಂದಷ್ಟೇ. ನಿಮ್ಮ ನಾಟಕದ ಅರ್ಥವೇ ತಿರುಗಿತು! ಆದ್ದರಿಂದ ಇಳಿಸಬೇಕಾದದ್ದು ಸ್ವರದ ಎತ್ತರ. ಉಸಿರನ್ನಲ್ಲ, ಅಕ್ಷರವನ್ನಂತೂ ಅಲ್ಲವೇ ಅಲ್ಲ.

ಅಭ್ಯಾಸ ಹೀಗೆ ಮಾಡಿಸಿ. ಇಬ್ಬರನ್ನು ನಾಲ್ಕಡಿ ದೂರದಲ್ಲಿ ಕೂರಿಸಿ ಒಂದು ಪುಟ ಮನೆಮಾತಿನ ಹಾಗೆ ಹೇಳಿಸಿ. ಅದೇ ಪುಟವನ್ನು 12 ಅಡಿಯಲ್ಲಿ, ಆಮೇಲೆ 20 ಅಡಿಯಲ್ಲಿ. ನಿಯಮ ಒಂದೇ, ಶ್ರುತಿ ಏರಿಸುವಂತಿಲ್ಲ. ಏರಿಸದೆ ಕೇಳಿಸಬೇಕಾದರೆ ತುಟಿ, ನಾಲಿಗೆ ಹೆಚ್ಚು ಕೆಲಸ ಮಾಡಲೇಬೇಕು, ವಾಕ್ಯದ ಕೊನೆಗೆ ಉಸಿರು ಉಳಿಸಲೇಬೇಕು. ಮೂರನೆಯವರು ಬೆನ್ನು ಹಾಕಿ ಕೂತು ಪ್ರತಿ ವಾಕ್ಯದ ಕೊನೆಯ ಪದ ಮಾತ್ರ ಬರೆದುಕೊಳ್ಳಲಿ. ಬಿಟ್ಟುಹೋದ ಪದಗಳೇ ಮರುದಿನದ ಪಾಠ.

ಯಕ್ಷಗಾನದವರ ಕೈ, ಕತ್ತು ದೊಡ್ಡದಾಗಿ ಚಲಿಸುತ್ತದೆ. 'ಕಡಿಮೆ ಮಾಡಿ' ಎಂದರೆ ಅವರು ಬಿಗಿಯಾಗುತ್ತಾರೆ. ಅದರ ಬದಲು ಕೈಗೆ ನಿಜವಾದ ಕೆಲಸ ಕೊಡಿ. ಸರ್ವೆಯವರು ಒದ್ದೆ ಅಳತೆ ಟೇಪನ್ನು ಒರೆಸುತ್ತಾ ಸುತ್ತಲಿ, ಮಗಳು ಬಟ್ಟೆ ಮಡಚಲಿ. ಕೆಲಸ ಮಾಡುವ ಕೈ ಅಭಿನಯ ಮಾಡಲು ಹೋಗುವುದಿಲ್ಲ.

ಮೆಟ್ಟುಕತ್ತಿಯಲ್ಲಿ ಏನು ಹೆಚ್ಚುತ್ತಾರೆ ಎಂಬುದನ್ನು ಈಗಲೇ ತೀರ್ಮಾನಿಸಿ. ಬಾಳೆಕಾಯಿ ಬೇಡ, ಸೊನೆ ಸೀರೆಗೆ ಹಿಡಿದರೆ ಎರಡನೇ ಪ್ರದರ್ಶನಕ್ಕೆ ಆ ಸೀರೆ ಇಲ್ಲ. ಸೌತೆ ಉರುಳುತ್ತದೆ, ನಟಿಯ ಗಮನ ಮಾತಿನಿಂದ ಹೋಗುತ್ತದೆ. ಬಸಳೆ ಒಳ್ಳೆಯದು, ದಂಡು ಸುಲಭವಾಗಿ ತುಂಡಾಗುತ್ತದೆ, ಅದರ ಹಸಿರು ಬಣ್ಣ ಬೆಳಕಿಗೆ ಚಂದ ಕಾಣುತ್ತದೆ. ಜಗಳದ ಹೊತ್ತಿಗೆ ಕತ್ತಿ ಬಿಟ್ಟು ಅಲಸಂಡೆ ಮುರಿಯುವುದಕ್ಕೆ ದಾಟಿಸಿ. ಅಲಸಂಡೆ ಮುರಿಯುವ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ, ಮಾತಿನ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಸಿಟ್ಟು ಬಂದ ಕೈ ಕತ್ತಿಯ ಹತ್ತಿರ ಇರುವುದೂ ತಪ್ಪುತ್ತದೆ. 20 ನಿಮಿಷಕ್ಕೆ ಎರಡು ಕಟ್ಟು ಅಲಸಂಡೆ ಸಾಕಾದೀತು, ರಿಹರ್ಸಲಿನಲ್ಲಿ ಎಣಿಸಿ ನೋಡಿ. ಮೊದಲೇ ಮುಗಿದರೆ ಕೈ ಏನು ಮಾಡಬೇಕು ಎಂದು ತಿಳಿಯದೆ ನಿಲ್ಲುತ್ತದೆ. ಚಹಾ ಕೊಡುವ ದೃಶ್ಯ ಇದ್ದರೆ ಲೋಟದಲ್ಲಿ ಚಹಾವೇ ಇರಲಿ. ಖಾಲಿ ಲೋಟ ಎತ್ತುವ ಕೈಯ ಭಾರ ಬೇರೆ, ಮೂರಡಿ ದೂರದವರಿಗೆ ಅದು ಗೊತ್ತಾಗುತ್ತದೆ.

ಮುಖಕ್ಕೆ ಬಣ್ಣ ಬೇಡವೇ ಬೇಡ, ಬೆವರಿಗೆ ತೆಳು ಪೌಡರು ಸಾಕು. ಬೂದು, ತಿಳಿನೀಲಿ ಅಂಗಿ ಬೆವರಿನ ಕಲೆ ತೋರಿಸುತ್ತದೆ. ಸರ್ವೆಯವರಿಗೆ ಬಿಳಿ ಅಥವಾ ಸಣ್ಣ ಚೌಕಳಿ ಹಾಕಿ. ಗಂಜಿ ಹಾಕಿದ ಸೀರೆ, ಗಾಜಿನ ಬಳೆ ಎರಡೂ ಸದ್ದು ಮಾಡುತ್ತವೆ. ಬೇಕಾದ ಸದ್ದಾದರೆ ಇರಲಿ, ಇಲ್ಲವಾದರೆ ತೆಗೆಯಿರಿ.

ತಾಳಮದ್ದಳೆ ಆಸಕ್ತ, ಮುಳ್ಳೇರಿಯ

ನಟರು ಯಕ್ಷಗಾನದವರು ಎಂಬುದನ್ನು ಕೊರತೆಯ ಹಾಗೆ ನೋಡಬೇಡಿ. ನಮ್ಮಲ್ಲಿ ಆಪ್ತ ರಂಗಕ್ಕೆ ಹತ್ತಿರದ್ದು ಮೊದಲಿಂದಲೂ ಉಂಟಲ್ಲ, ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಚಾವಡಿಯಲ್ಲಿ ಎದುರುಬದುರು ಕೂತ ನಾಲ್ಕಾರು ಅರ್ಥಧಾರಿಗಳು, ಮಾತೇ ಎಲ್ಲ. ಎದುರಿನವನ ಮಾತು ಪೂರ್ತಿ ಕೇಳಿದ ಮೇಲೆ ಅದರ ಒಂದು ಎಳೆ ಹಿಡಿದು ಉತ್ತರ ಕಟ್ಟುವುದು ಅಲ್ಲಿನ ಶಿಸ್ತು. ಎರಡು ಮೂರು ಪಾತ್ರಗಳ ನಾಟಕಕ್ಕೆ ಬೇಕಾದದ್ದೂ ಅದೇ ಕೇಳುವಿಕೆ. ಬಾಯಿಪಾಠ ಮಾಡಿದ ನಟ ತನ್ನ ಸರದಿಗಾಗಿ ಕಾಯುತ್ತಾನೆ. ಸಣ್ಣ ಹಾಲಿನಲ್ಲಿ ಆ ಕಾಯುವಿಕೆ ಕಣ್ಣಲ್ಲಿ ಕಾಣುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಧ್ವನಿಮುದ್ರಣಗಳು ಸಿಗುತ್ತವೆ. ಪೆರ್ಲದ ಅಕ್ಕ ಹೇಳಿದ ವಾಕ್ಯದ ಕೊನೆಯನ್ನು ಮಾತ್ರ ಗಮನಿಸುತ್ತಾ ನಿಮ್ಮ ನಟರಿಗೆ ಕೇಳಿಸಿ.

ಬಿಡಬೇಕಾದದ್ದು ಎರಡು. ಒಂದು, ಸಭೆಯನ್ನು ನೋಡಿ ಮಾತಾಡುವುದು. ತಾಳಮದ್ದಳೆಯಲ್ಲಿ ಅರ್ಧ ಮಾತು ಕೇಳುಗರಿಗೆ, ನಿಮ್ಮಲ್ಲಿ ಪೂರ್ತಿ ಎದುರಿನವರಿಗೆ. ಎರಡು, ಗ್ರಂಥಸ್ಥ ಭಾಷೆ. ಕಾಸರಗೋಡಿನ ಅಡುಗೆಮನೆಯಲ್ಲಿ 'ನೀವು ಬಂದುದರ ಕಾರಣವೇನು' ಎಂದು ಯಾರೂ ಕೇಳುವುದಿಲ್ಲ. ಆ ಮನೆಯವರು ಯಾವ ಮನೆಮಾತಿನವರು, ಸರ್ವೆಯವರು ಮಲಯಾಳ ಮಾತಾಡುವವರೋ ಎಂಬುದನ್ನು ತೀರ್ಮಾನಿಸಿ, ಅದರಂತೆ ತುಳುವೋ ಮಲಯಾಳವೋ ಎರಡು ಪದ ಬರುವಲ್ಲಿ ಬರಲಿ. ಮಗಳು ಸರ್ವೆಯವರನ್ನು 'ಸಾರ್' ಅನ್ನುತ್ತಾಳೋ 'ಅಣ್ಣ' ಅನ್ನುತ್ತಾಳೋ, ಎಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾಳೆ, ಅಷ್ಟರಲ್ಲೇ ಒಂದು ದೃಶ್ಯ ಉಂಟು. ಕನ್ನಡ ಬಾರದ ನೆರೆಯವರೂ ಬರುವುದಾದರೆ ಕಥೆಯ ಹತ್ತು ಸಾಲು ಮಲಯಾಳದಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಕೊಡಿ. ನಾಟಕದ ನಡುವೆ ಯಾರೂ ಪಕ್ಕದವರಿಗೆ ಪಿಸುಗುಟ್ಟಿ ವಿವರಿಸಬೇಕಾಗಿಲ್ಲ.

ನೀರ್ಚಾಲು ಹವ್ಯಾಸಿ

ಎಲ್ಲರಿಗೂ ತುಂಬಾ ಉಪಕಾರ. ತಾರೀಕು ಜನವರಿಗೆ ಹಾಕಿದೆವು, ಎರಡು ದಿನ, 52 ಜನ. ಇನ್ನೂ ನಾಲ್ಕು ಸಂಶಯ. ಫ್ಯಾನು ಹಾಕಿದರೆ ಸದ್ದು, ಹಾಕದಿದ್ದರೆ ಸೆಕೆ, ಏನು ಮಾಡುವುದು? ಮಳೆಯ ಸದ್ದು ಎಲ್ಲಿಂದ ಬರಬೇಕು? ಮೂರೇ ಜನ ಇರುವಾಗ ಮಾತು ಮರೆತರೆ ಅಥವಾ ಒಬ್ಬರಿಗೆ ಜ್ವರ ಬಂದರೆ? ಸಮಿತಿಯವರು ನಾಟಕದ ಮೊದಲು ಒಂದು ಗಂಟೆಯ ಸಭಾ ಕಾರ್ಯಕ್ರಮ, ಸನ್ಮಾನ ಇರಲೇಬೇಕು ಎನ್ನುತ್ತಾರೆ. ಅದನ್ನು ಎಲ್ಲಿ ಇಡುವುದು?

ಬೆಳಕಿನ ಕೆಲಸ, ಮಂಜೇಶ್ವರ

ಸುಮ್ಮನೆ ಕೂತ ಒಬ್ಬ ಮನುಷ್ಯನಿಂದ ಸುಮಾರು 100 ವ್ಯಾಟ್ ಶಾಖ ಬರುತ್ತದೆ. 52 ಜನ ಎಂದರೆ 1000 ವ್ಯಾಟಿನ ಐದು ಇಸ್ತ್ರಿಪೆಟ್ಟಿಗೆ ಹಾಲಿನೊಳಗೆ ಉರಿಸಿದಷ್ಟು. ಎಲ್‌ಇಡಿ ಆರಿಸಲು ಇದೂ ಒಂದು ಕಾರಣ. ಸಂಜೆ ಆರೂವರೆಯಿಂದಲೇ ಕಿಟಕಿ, ಬಾಗಿಲು ಎಲ್ಲ ತೆರೆದು ಫ್ಯಾನು ಪೂರ್ತಿ ಓಡಿಸಿ ಹಾಲನ್ನು ತಣಿಸಿ, ಏಳೂಕಾಲಕ್ಕೆ ಆರಂಭಿಸಿ. ಜನವರಿಯಲ್ಲಿ ಆಗ ಹೊರಗೆ ಕತ್ತಲೆ, ಕಿಟಕಿ ಮುಚ್ಚುವ ಅಗತ್ಯವೇ ಇಲ್ಲ. ಬೀದಿ ದೀಪ ಬೀಳುವ ಕಿಟಕಿಗೆ ಮಾತ್ರ ಕಪ್ಪು ಬಟ್ಟೆಯನ್ನು ಗೋಡೆಯಿಂದ ಅರ್ಧ ಅಡಿ ದೂರಕ್ಕೆ ಕಟ್ಟಿದರೆ ಬೆಳಕು ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ. ಅಭಿನಯದ ಜಾಗದ ಮೇಲಿನ ಫ್ಯಾನು ಬಂದ್. ಪ್ರೇಕ್ಷಕರ ಮೇಲಿನದ್ದು ಅತಿ ನಿಧಾನದಲ್ಲಿ ಓಡಲಿ. ನಿಧಾನಕ್ಕೆ ಇಟ್ಟಾಗ ಗುಂಯ್‌ಗುಡುವ ರೆಗ್ಯುಲೇಟರ್ ಆದರೆ ಬದಲಿಸಿ.

ಬರೀ ಗೋಡೆಯ ಹಾಲಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿನ ಬಾಲ ಉಳಿದರೆ ಉದ್ದ ಗೋಡೆಗಳಿಗೆ ದಪ್ಪ ಕಂಬಳಿ, ಜಮಖಾನ ತೂಗಿ, ಗೋಡೆಗೂ ಬಟ್ಟೆಗೂ ನಾಲ್ಕು ಇಂಚು ಅಂತರ ಬಿಟ್ಟು. ಜನ ತುಂಬಿದ ಮೇಲೆ ಅರ್ಧ ಪ್ರತಿಧ್ವನಿ ತಾನಾಗಿ ಇಳಿಯುತ್ತದೆ, ಹಾಗಾಗಿ ಖಾಲಿ ಹಾಲಿನಲ್ಲಿ ಕೇಳಿ ಹೆದರಬೇಡಿ.

ಮಳೆಗೆ ದೊಡ್ಡ ಬಾಕ್ಸ್ ಬೇಡ. ಮೂಲೆ ಬಾಗಿಲಿನ ಹೊರಗೆ ಒಂದು ಸಣ್ಣ ಸ್ಪೀಕರ್, ಟ್ರಸ್ಸಿನ ಮೇಲೆ ಮಾಡಿನತ್ತ ತಿರುಗಿಸಿ ಇನ್ನೊಂದು. ಬಾಗಿಲು ತೆರೆದಾಗ ಮಳೆ ಜೋರಾಗಲಿ, ಮುಚ್ಚಿದಾಗ ಇಳಿಯಲಿ. ಹೊರಗಿನ ಸ್ಪೀಕರಿನಿಂದ ಅದು ತಾನಾಗಿ ಆಗುತ್ತದೆ. ಬ್ಲೂಟೂತ್ ಬಳಸಲೇಬೇಡಿ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಕೆಲವು ಸ್ಪೀಕರ್ ತಾನಾಗಿ ಆರಿ, ಮತ್ತೆ ಹೊತ್ತುವಾಗ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ವಯರು ಹಾಕಿ, ಸದ್ದು ಬಿಡುವ ಮೊಬೈಲನ್ನು ಫ್ಲೈಟ್ ಮೋಡಿಗೆ ಇಡಿ.

ಕುಂಬಳೆ ಮಾಷ್ಟ್ರು

ಬೆಳಕಿನವರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮೂರು ಬದಿ ಕೂರಿಸಿದ ಮೇಲೆ ಪ್ರೇಕ್ಷಕರನ್ನು ಪೂರ್ತಿ ಕತ್ತಲೆಗೆ ಹಾಕುವುದು ಆಗುವ ಕೆಲಸವಲ್ಲ, ಆಗಬೇಕಾಗಿಯೂ ಇಲ್ಲ. ತಿಳಿ ಗೋಡೆಯಿಂದ ತಿರುಗಿದ ಬೆಳಕಲ್ಲೇ ಎದುರು ಬದಿಯವರ ಮುಖ ಕಾಣುತ್ತದೆ. ಬಂಗಾಳಿ ನಾಟಕಕಾರ ಬಾದಲ್ ಸರ್ಕಾರ್ ಎಪ್ಪತ್ತರ ದಶಕದಲ್ಲಿ ಕೋಲ್ಕತ್ತದಲ್ಲಿ ವೇದಿಕೆಯಿಂದ ಇಳಿದು ಅಂಗನಮಂಚ (ಕೋಣೆಯೊಳಗಿನ ಆಪ್ತ ರಂಗ) ಮಾಡಿದಾಗ ನಟರು, ಪ್ರೇಕ್ಷಕರು ಒಂದೇ ಬೆಳಕಿನಲ್ಲಿದ್ದರು. ಅದೇ ಅದರ ಬಲ. ಒಬ್ಬಳು ತಾಯಿ ಜಾಗ ಬಿಡುವುದಿಲ್ಲ ಎನ್ನುವಾಗ ಎದುರು ಕೂತ ನೆರೆಯವರ ಮುಖ ಕಾಣುವುದು ಆ ನಾಟಕಕ್ಕೆ ಲಾಭ.

ಮಾತು ಮರೆಯುವ ವಿಷಯ. ಇಲ್ಲಿ ಪ್ರಾಂಪ್ಟರ್ ನಡೆಯುವುದಿಲ್ಲ. ಅವರ ಪಿಸುಮಾತು ನಟನಿಗಿಂತ ಮೊದಲು ಚಾಪೆಯವರಿಗೆ ಕೇಳುತ್ತದೆ. ಪ್ರತಿ ಎರಡು ಪುಟಕ್ಕೆ ಒಂದರಂತೆ 'ಬಾಗಿಲು' ಗುರುತಿಸಿ. ಯಾರು ಎಲ್ಲಿ ತಪ್ಪಿದರೂ ಮೂವರಿಗೂ ಗೊತ್ತಿರುವ ಒಂದು ಕೆಲಸ, ಒಂದು ಮಾತು: ಅಮ್ಮ ಒಲೆ ಊದುತ್ತಾರೆ, 'ಮಳೆ ಬಿಡುವ ಹಾಗೆ ಕಾಣುವುದಿಲ್ಲ' ಅನ್ನುತ್ತಾರೆ, ಅಲ್ಲಿಂದ ಮುಂದಿನ ತುಂಡು ಆರಂಭ. ಕಳೆದುಹೋದದ್ದರಲ್ಲಿ ಕಥೆಗೆ ತೀರಾ ಬೇಕಾದ ವಿಷಯ ಇದ್ದರೆ ಅದನ್ನು ಯಾರು, ಎಲ್ಲಿ ಸೇರಿಸಿ ಹೇಳುವುದು ಎಂದೂ ಮೊದಲೇ ನಿಶ್ಚಯಿಸಿ. ರಿಹರ್ಸಲಿನಲ್ಲಿ ಬೇಕೆಂದೇ ತಪ್ಪಿಸಿ ಇದನ್ನು ಹತ್ತು ಸಲವಾದರೂ ಅಭ್ಯಾಸ ಮಾಡಿ.

ಜ್ವರಕ್ಕೆ ಉತ್ತರ ನಾಲ್ಕನೆಯವರು. ರಿಹರ್ಸಲಿನಲ್ಲಿ ಪುಸ್ತಕ ಹಿಡಿದು ಕೂರುವವರು ಹೇಗೂ ಬೇಕು. ಅವರೇ ಮೂರೂ ಪಾತ್ರದ ಚಲನೆ ಬರೆದುಕೊಂಡು, ವಾರಕ್ಕೊಮ್ಮೆ ಒಂದೊಂದು ಪಾತ್ರದಲ್ಲಿ ನಿಲ್ಲಲಿ. ಒಟ್ಟು ರಿಹರ್ಸಲ್ 65 ನಿಮಿಷಕ್ಕೆ 65 ಗಂಟೆಯಾದರೂ ಬೇಕು. ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ, ಆರೂವರೆ ವಾರ. ಎರಡನೇ ವಾರದಿಂದಲೇ ನೆಲದಲ್ಲಿ ಸುಣ್ಣದ ಗೆರೆ ಎಳೆದು, ಮೂರೂ ಬದಿ ನಿಜವಾದ ದೂರಕ್ಕೆ ಕುರ್ಚಿ ಹಾಕಿ. ಕೊನೆಯ ವಾರ ಅದರಲ್ಲಿ ಪರಿಚಯ ಇಲ್ಲದ ಹತ್ತು ಜನ ಕೂತಿರಲಿ. ಮೂರಡಿ ದೂರದಲ್ಲಿ ಯಾರೋ ಕೆಮ್ಮುವುದು, ಕಣ್ಣಿಗೆ ಕಣ್ಣು ಸಿಗುವುದು ನಟರಿಗೆ ಅಲ್ಲೇ ಅಭ್ಯಾಸವಾಗಬೇಕು.

ಬೆಳಕಿನ ಕೆಲಸ, ಮಂಜೇಶ್ವರ

ಮಾಷ್ಟ್ರೇ, ಒಂದೇ ಬೆಳಕು ಬೀದಿಗೂ ಬಯಲಿಗೂ ಹೊಂದುತ್ತದೆ. ಇದು ಬಲ್ಬೊಂದು ಉರಿಯುವ ರಾತ್ರಿಯ ಅಡುಗೆಮನೆ. ಪ್ರೇಕ್ಷಕರ ಮುಖ ಅಮ್ಮನ ಮುಖದಷ್ಟೇ ಬೆಳಗಿದರೆ ಕಣ್ಣು ಅಲೆಯುತ್ತದೆ. ಗೋಡೆಯಿಂದ ತಿರುಗಿ ಬಂದಷ್ಟು ಬೆಳಕು ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಬೇರೆ ದೀಪ ಹಾಕಿ ಅವರನ್ನು ಬೆಳಗಿಸಬೇಡಿ ಎಂಬುದಷ್ಟೇ ನನ್ನ ಮಾತು.

ತಾಳಮದ್ದಳೆ ಆಸಕ್ತ, ಮುಳ್ಳೇರಿಯ

ಸಭಾ ಕಾರ್ಯಕ್ರಮವನ್ನು ಹಾಲಿನೊಳಗೆ ಬಿಡಬೇಡಿ. ಹೊರಗಿನ ಅಂಗಳದಲ್ಲಿ ಐದೂವರೆಗೆ ಇಡಿ, ಆರೂವರೆಗೆ ಮುಗಿಯಲಿ, ಚಹಾ ಕೊಡಿ. ಆ ಮುಕ್ಕಾಲು ಗಂಟೆಯಲ್ಲಿ ಹಾಲು ತಣಿಯುತ್ತದೆ, ಜನರ ಕಿವಿಯೂ ಮೈಕಿನಿಂದ ಇಳಿಯುತ್ತದೆ. ಒಂದು ಗಂಟೆ ಧ್ವನಿವರ್ಧಕ ಕೇಳಿದ ಕಿವಿಗೆ ಬರೀ ಸ್ವರ ಹಿಡಿಯಲು ಹೊತ್ತು ಬೇಕು. ಸನ್ಮಾನದ ಶಾಲು, ಹಾರ ಹಿಡಿದವರು ಅದನ್ನು ಹೊರಗೇ ಇಟ್ಟು ಬರಲಿ, ಪ್ಲಾಸ್ಟಿಕ್ ಕವರಿನ ಸದ್ದು ಸಣ್ಣದಲ್ಲ. ತಡವಾಗಿ ಬಂದವರಿಗೆ ಡೆಸ್ಕಿನ ಸಾಲಿನ ಹಿಂದೆ ನಿಲ್ಲುವ ಜಾಗ ಮಾತ್ರ, ಅದೂ ಮಳೆ ಜೋರಾಗುವ ಹೊತ್ತಿಗೆ ಒಳಗೆ ಬಿಡುವುದು. ಎರಡೂ ಬಾಗಿಲಿಗೆ ಚಿಲಕ ಹಾಕುವುದು ಬೇಡ, ಒಬ್ಬೊಬ್ಬರು ನಿಂತಿರಲಿ.

ಮುಂದಿನ ವರ್ಷ ಬೇರೆಯವರ ನಾಟಕ ತೆಗೆದುಕೊಳ್ಳುವುದಾದರೆ ಹಕ್ಕಿನ ವಿಷಯ ಮೊದಲು ನೋಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಮಾಷ್ಟ್ರು ಹೇಳಿದ ಸ್ಟ್ರಿಂಡ್‌ಬರ್ಗ್ ತೀರಿಕೊಂಡದ್ದು 1912ರಲ್ಲಿ, ಮೂಲಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ ಉಂಟು. ಹವ್ಯಾಸಿಗಳು ಟಿಕೆಟ್ ಇಲ್ಲದೆ ಆಡುವ ಪ್ರದರ್ಶನಕ್ಕೆ ಕಾನೂನಿನಲ್ಲಿ ವಿನಾಯಿತಿ ಇದ್ದರೂ ಒಂದು ಪತ್ರ ಬರೆದು ಒಪ್ಪಿಗೆ ತರಿಸಿಕೊಳ್ಳುವುದೇ ಮರ್ಯಾದೆ.

ಪೆರ್ಲ ಅಕ್ಕ

ಒಂದು ಬಿಟ್ಟುಹೋಯಿತು. ಪ್ಲಾಸ್ಟಿಕ್ ಕುರ್ಚಿ ಸಿಮೆಂಟು ನೆಲದಲ್ಲಿ ಕಿರುಗುಟ್ಟುತ್ತದೆ, ಡೆಸ್ಕಿನ ಕಾಲು ಇನ್ನೂ ಹೆಚ್ಚು. ಹಳೆಯ ಸೈಕಲ್ ಟ್ಯೂಬನ್ನು ಮೂರು ಇಂಚಿನ ತುಂಡು ಮಾಡಿ ಪ್ರತಿ ಕಾಲಿಗೂ ಮಡಚಿ ಕಟ್ಟಿ. 22 ಕುರ್ಚಿಗೆ 88 ತುಂಡು, ಡೆಸ್ಕು ಬೆಂಚಿಗೆ ಬೇರೆ. ಹಿಂದಿನ ದಿನವೇ ಕಟ್ಟಿ, ಪ್ರತಿ ಕುರ್ಚಿಯಲ್ಲೂ ಒಬ್ಬರು ಕೂತು ಅಲುಗಾಡಿ ನೋಡಲಿ. ಕಾಲು ಸೀಳಿದ ಕುರ್ಚಿ ಇದ್ದರೆ ಬದಿಗೆ ಇಟ್ಟುಬಿಡಿ.